ಅಚ್ಚಿನ ಮೇಲೊಂದು ಕಮಾನು

ನಂಜನಗೂಡು ತಾಲ್ಲೂಕಿನ ತಗಡೂರು ಎಂದರೆ ಖಾದಿ, ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರು ನೆನಪಾಗುತ್ತಾರೆ. ಆ ಕಾಲದ ಹೇರನ್ನೆಲ್ಲ ಹೊತ್ತ ಎತ್ತಿನ ಗಾಡಿಯನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಮರದ ಗಾಲಿ, ಸುತ್ತ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ, ಅಚ್ಚಿನ ಸುತ್ತ ತಿರುಗುವ ಗುಂಬ, ಅದಕ್ಕೊಂದಿಷ್ಟು ಕೀಲೆಣ್ಣೆ. ಗಾಡಿಯ ಮೈ ನೇರವಾಗಿ ಅಚ್ಚಿನ ಮೇಲೆಯೇ ಕೂತಿದ್ದರಿಂದ ಗುಂಡಿ ಸಿಕ್ಕರೆ ಕುಲುಕು ಮೂಕಿಯಲ್ಲಿ ಹಾದು ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ. ಕಮಾನು ಪ್ಲೇಟುಗಳ ಸ್ಪ್ರಿಂಗಿನ ಸುಖ ಮೈಸೂರಿನ ಟಾಂಗಾ ಸವಾರರಿಗೆ ಸಿಕ್ಕಿತು, ಭತ್ತದ ಮೂಟೆಗಲ್ಲ!

1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಪೇಟೆಂಟ್ ಪಡೆದ ಗಾಳಿ ತುಂಬಿದ ಟೈರು ಹುಟ್ಟಿದ್ದು ಸೈಕಲ್ಲಿಗಾಗಿ. ಮುಂದೆ ಅದೇ ಟೈರು ತೊಟ್ಟ ಎತ್ತಿನ ಗಾಡಿ ಹಳ್ಳಿಗೂ ಬಂತು. 1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಯನ್ನೇ ಹಟ ಹಿಡಿದು ಬೆನ್ನತ್ತಿದರು. ಮ್ಯಾನೇಜ್‌ಮೆಂಟ್ ಪಂಡಿತರಲ್ಲಿ ಅಪರೂಪದ ಆಸಕ್ತಿಯಿದು.

ಈಗ ಇದೇ ನಂಜನಗೂಡು ತಾಲ್ಲೂಕಿನ ಅಳಗಂಚಿ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವುದು ಟ್ರ್ಯಾಕ್ಟರ್, ಲಾರಿಗಳ ಕೆಲಸ. ನಾಲ್ಕು ಗಾಲಿಯ ಟ್ರೈಲರಿನ ಮುಂದಿನ ಅಚ್ಚು ಒಂದು ಉಕ್ಕಿನ ಬಳೆಯ ಮೇಲೆ ತಿರುಗುತ್ತದೆ. ಹಳೆಯ ಕುದುರೆ ಸಾರೋಟುಗಳಿಂದ ಬಂದ ಉಪಾಯವದು.

ಎರಡು ಗಾಲಿಯ ಟ್ರೈಲರುಗಳಲ್ಲಿ ಹಲವಕ್ಕೆ ಇಂದಿಗೂ ಸ್ಪ್ರಿಂಗಿಲ್ಲ. ಇದ್ದವಕ್ಕೆ ಹೆಚ್ಚು ಹೇರುವ ಆಸೆಯಿಂದ ಇನ್ನೊಂದು ಪ್ಲೇಟ್ ಸೇರಿಸಿದರೆ, ತುಂಬಿದ ಟ್ರೈಲರು ಕುಸಿಯದೆ ನಿಲ್ಲುತ್ತದೆ. ಖಾಲಿ ಬರುವಾಗ ಅದೇ ಬಿಗಿಯಿಂದ ಕೊಂಡಿಯಲ್ಲಿ ಕುಣಿದು ಟ್ರ್ಯಾಕ್ಟರನ್ನೂ ಜಗ್ಗುತ್ತದೆ.