ಕುಕ್ ಕಂಡ ಕೊಳೆ ಯಾವುದು?

ಅಡಿಕೆ ಕೊಳೆರೋಗದ ಶಾಸ್ತ್ರೀಯ ಚರಿತ್ರೆಯನ್ನು 1876ರಿಂದ ಎಣಿಸುವವರು ಈಗಲೂ ಸಿಗುತ್ತಾರೆ. ಅವರಿಗಿರುವ ಆಧಾರ ಒಂದೇ: ಆ ವರ್ಷ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ. ಸಿ. ಕುಕ್ ಪ್ರಕಟಿಸಿದ 'ಪೆಲ್ಲಿಕ್ಯುಲೇರಿಯಾ ಕೊಲೆರೋಗ' ಎಂಬ ಹೆಸರು. ಹೆಸರು ಕಂಡ ಕೂಡಲೇ ಅಡಿಕೆ ನೆನಪಾದದ್ದು ಸಹಜ. ಕೆಳಗಿನ ವಿವರಣೆಯನ್ನು ಓದದೆ ಬಿಟ್ಟದ್ದು ಮಾತ್ರ ಕ್ಷಮಿಸುವಂಥದ್ದಲ್ಲ. ಕುಕ್ ಕೈ ಸೇರಿದ್ದು ಮೈಸೂರು ಸೀಮೆಯ ಕಾಫಿ ಎಲೆ.

(ರೋಮನ್ ಲಿಪಿಗೆ ಹೋಗುವಾಗ ನಮ್ಮ ಳಕಾರ ಲಕಾರವಾಯಿತು. ಆ ಲ್ಯಾಟಿನ್ ಹೆಸರನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದರೆ ಕೊಳೆ ಹೋಗಿ ಕೊಲೆ ಆಗುತ್ತದೆ. ಫಸಲು ಕಳೆದುಕೊಂಡ ಬೆಳೆಗಾರ ಇದನ್ನು ತಪ್ಪೆನ್ನಲಾರ.)

ಕಾಫಿಯದು ಎಲೆ ಕಾಯಿಲೆಯಾದರೂ ಕುಕ್ ಕಂಡ ಸೂಕ್ಷ್ಮಜೀವಿ ಅಡಿಕೆಯದೇ ಇರಬಹುದಲ್ಲ ಎಂಬ ವಾದಕ್ಕೆ ಜಾಗವಿರುವುದು ಒಂದೇ ಕಡೆ. ಕುಕ್ ತನ್ನ ಶಿಲೀಂಧ್ರಕ್ಕೆ ಮುಳ್ಳುಮುಳ್ಳಾದ ದುಂಡು ಬೀಜಾಣುಗಳನ್ನು ಹೇಳುತ್ತಾನೆ. ಕಾಫಿ ಕೊಳೆಯ ಶಿಲೀಂಧ್ರದ ಬೀಜಾಣು ನುಣುಪು, ಅದಕ್ಕೆ ಮುಳ್ಳಿಲ್ಲ. ಹಾಗಾದರೆ ಮುಳ್ಳು ಎಲ್ಲಿಂದ ಬಂತು? ಅಡಿಕೆಯಿಂದಂತೂ ಅಲ್ಲ. ಅಡಿಕೆ ಕೊಳೆಯನ್ನು ತರುವ ಫೈಟಾಫ್ತೊರದ ಬೀಜಾಣುಚೀಲ ನಿಂಬೆಕಾಯಿಯಂತೆ, ತುದಿಯಲ್ಲಿ ಮೊಲೆತೊಟ್ಟಿನಂಥ ಉಬ್ಬು ಇರುವಂಥದ್ದು. ಅದರ ಮೈಯೂ ನುಣುಪೇ. ಕುಕ್ ನೋಡಿದ ಎಳೆಗಳಲ್ಲಿ ಅಡ್ಡಗೋಡೆಗಳಿವೆ, ಫೈಟಾಫ್ತೊರದ ಎಳೆಯ ಎಳೆಗಳಲ್ಲಿ ಅವಿಲ್ಲ. ಆ ಎಲೆಯ ಮೇಲೆ ಬೇರೊಂದು ಶಿಲೀಂಧ್ರವೂ ಕೂತಿತ್ತು, ಕುಕ್ ಎರಡನ್ನೂ ಒಂದೇ ಎಂದುಕೊಂಡ ಎಂಬುದೇ ನನ್ನ ತೀರ್ಮಾನ. ಡಚ್ ವಿದ್ವಾಂಸ ಡಾಂಕ್ ಈ ಗೊಂದಲದ ಹೆಸರನ್ನು ಬದಿಗಿಟ್ಟು 1958ರಲ್ಲಿ 'ಕೊಲೆರೋಗ ನಾಕ್ಸಿಯಾ' ಎಂದು ಹೊಸದಾಗಿ ಕರೆದ. ನಮ್ಮ ತೋಟದ ಮಾತು ಆಗ ಒಂದು ಶಿಲೀಂಧ್ರ ಕುಲದ ಹೆಸರೇ ಆಯಿತು.

ಸೂಕ್ಷ್ಮದರ್ಶಕವೇ ಬೇಡ, ಮಳೆಗಾಲದಲ್ಲಿ ತೋಟಕ್ಕೆ ಹೋದರೂ ಸಾಕಿತ್ತು. ಕಾಫಿ ಗಿಡದಲ್ಲಿ ಎಳೆಗಳು ರೆಂಬೆಯ ಮೇಲೆ ಹರಿದು ಎಲೆಯ ಅಡಿಗೆ ಹಬ್ಬುತ್ತವೆ. ಕಪ್ಪಾದ ಎಲೆ ತೊಟ್ಟು ಕಳಚಿದರೂ ನೆಲಕ್ಕೆ ಬೀಳದೆ ಅದೇ ಶಿಲೀಂಧ್ರದ ನೂಲಿಗೆ ಜೋತಾಡುತ್ತಿರುತ್ತದೆ. ಅಡಿಕೆಯಲ್ಲಿ ಎಳೆಗಾಯಿಯ ತೊಟ್ಟಿನ ಕಡೆ ನೀರು ಕುಡಿದಂಥ ಕಡುಹಸಿರು ಮಚ್ಚೆ ಮೂಡಿ, ಹರಡಿ, ಕಾಯಿ ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿ ಹತ್ತಿ ಬೆಳೆಯುತ್ತದೆ. ಒಂದು ಜೋತಾಡುತ್ತದೆ, ಇನ್ನೊಂದು ಉದುರುತ್ತದೆ. ಬೆಳೆಗಾರ ಎರಡನ್ನೂ ಕೊಳೆ ಎಂದದ್ದು ಕಾರಣ ನೋಡಿ ಅಲ್ಲ, ಕಾಲ ಮತ್ತು ಲಕ್ಷಣ ನೋಡಿ. ಅದರಲ್ಲಿ ಅವನ ತಪ್ಪೇನೂ ಇಲ್ಲ.

ಅಡಿಕೆಯ ಕಾರಣ ಬಿಡಿಸಿದ್ದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್, ತನ್ನ 1910ರ ಪ್ರಕಟಣೆಯಲ್ಲಿ. (ಶಿಲೀಂಧ್ರತಜ್ಞ ಬಟ್ಲರ್ 1906ರಲ್ಲೇ ತಾಳೆ ಜಾತಿಯ ಮರಗಳ ರೋಗಗಳ ಬಗ್ಗೆ ಬರೆಯುವಾಗ ಇದನ್ನು ಮುಟ್ಟಿದ್ದ, ಆ ಮರ್ಯಾದೆ ಅವನಿಗೆ ಸಲ್ಲಬೇಕು.) ಕೋಲ್ಮನ್ ಹೇಳಿದ ಮದ್ದು ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ. ಅದನ್ನು ಕೊಂಡಾಡುವ ಭರದಲ್ಲಿ, ಮಳೆಗೆ ಮುಂಚೆ ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದ ಹಳೆಯ ಪದ್ಧತಿಯನ್ನು ಮೂಢನಂಬಿಕೆಯ ಪಟ್ಟಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ಫೈಟಾಫ್ತೊರದ ಚರಬೀಜಾಣುವಿಗೆ ಎರಡು ಬಾಲ. ಅದು ಈಜಲು ಕಾಯಿಯ ಮೇಲೆ ನೀರಿನ ಪೊರೆ ಬೇಕೇ ಬೇಕು. ಈಜಿ, ನಿಂತು, ಮೊಳೆತು, ಒಳಹೊಕ್ಕ ಮೇಲೆ ಮದ್ದು ಹೊಡೆದು ಫಲವಿಲ್ಲ. ಬೋರ್ಡೋ ಆ ನೀರನ್ನು ಬೀಜಾಣುವಿಗೆ ವಿಷ ಮಾಡುತ್ತದೆ, ಕೊಟ್ಟೆ ನೀರನ್ನೇ ದೂರವಿಡುತ್ತದೆ. ಮರಮರಕ್ಕೂ ಹತ್ತಿ ಕಟ್ಟುವುದು ದುಬಾರಿ, ಸರಿ. ತರ್ಕ ಮಾತ್ರ ಗಟ್ಟಿಯಾಗಿತ್ತು.

1876ರ ಹೆಸರಿನಲ್ಲಿ ಅಡಿಕೆ ಇಲ್ಲ. ಮಲೆನಾಡಿನ ಮನೆಗಳಲ್ಲಿ ಅದಕ್ಕಿಂತ ಹಳೆಯ ಲೆಕ್ಕದ ಕಡತ, ತೋಟದ ದಿನಚರಿ ಉಳಿದಿದ್ದರೆ, ಅದರಲ್ಲಿ ಕೊಳೆಯ ಮಾತು ಬಂದಲ್ಲಿ ಕಾಯಿ ಉದುರಿತೋ ಎಲೆ ಜೋತಿತೋ ನೋಡಿ ತಿಳಿಸಬೇಕೆಂದು ಓದುಗರಲ್ಲಿ ವಿನಂತಿ.