ಶಿಶುಮರಣ: ಬರೆದ ಕಾರಣ, ನಿಜವಾದ ಕಾರಣ



ವೈದ್ಯರಾದ ನಾವು ಮರಣಪತ್ರದ 'ಕಾರಣ' ಎಂಬ ಕಾಲಂನಲ್ಲಿ ಒಂದೆರಡು ಪದಗಳನ್ನು ಬರೆಯುತ್ತೇವೆ. ತೀರಿಕೊಂಡದ್ದು ಹಸುಗೂಸಾದರೆ ಆ ಪದ ಲೆಕ್ಕದ ಪುಸ್ತಕಕ್ಕೆ ಮಾತ್ರ ಸೇರುವುದಿಲ್ಲ. ಹೆತ್ತ ತಾಯಿಯ ಮೇಲೆ ತೀರ್ಪಾಗಿಯೂ ಎರಗಬಹುದು. ಅದರ ಚರಿತ್ರೆಯನ್ನು ಸ್ಥೂಲವಾಗಿ ತಮ್ಮ ಮುಂದಿಡುತ್ತೇವೆ.

17ನೆಯ ಶತಮಾನದ ಲಂಡನ್ನಿನಲ್ಲಿ ವಾರಕ್ಕೊಮ್ಮೆ ಮರಣಪಟ್ಟಿ ಅಚ್ಚಾಗುತ್ತಿತ್ತು. ಸಾವಾದ ಮನೆಗೆ ಹೋಗಿ, ಶವವನ್ನು ನೋಡಿ, ಮನೆಯವರನ್ನು ವಿಚಾರಿಸಿ ಕಾರಣ ಹೇಳುತ್ತಿದ್ದವರು ವೈದ್ಯರಲ್ಲ, ಪ್ಯಾರಿಷ್ ನೇಮಿಸಿದ ವೃದ್ಧ ಸ್ತ್ರೀಯರು. 'ಹಲ್ಲು', 'ಸೆಳವು', 'ಮಗ್ಗುಲಿಗೆ ಸಿಕ್ಕಿ ಸತ್ತದ್ದು' ಇವು ಶಿಶುಗಳಿಗೆ ಬರೆದ ಕಾರಣಗಳು. ಹಲ್ಲು ಮೂಡುವ ವಯಸ್ಸಿನಲ್ಲಿ ಭೇದಿಯಿಂದಲೋ ಜ್ವರದಿಂದಲೋ ಮಗು ತೀರಿಕೊಂಡರೆ ಅಪವಾದ ಹಲ್ಲಿಗೆ. ತಾಯಿಯ ಪಕ್ಕದಲ್ಲಿ ಮಲಗಿದ ಮಗು ಬೆಳಗ್ಗೆ ಏಳದಿದ್ದರೆ ಅಪವಾದ ತಾಯಿಗೆ. 1662ರಲ್ಲಿ ಜಾನ್ ಗ್ರಾಂಟ್ ಎಂಬ ವರ್ತಕ ಈ ಪಟ್ಟಿಗಳನ್ನು ಆಧರಿಸಿ ಗ್ರಂಥ ರಚಿಸಿದ. ಪಟ್ಟಿಗಳಲ್ಲಿ ಸತ್ತವರ ವಯಸ್ಸೇ ಇರಲಿಲ್ಲ. ಮಕ್ಕಳಿಗೇ ಬರುವಂಥ ಕಾರಣಗಳನ್ನು ಕೂಡಿಸಿ, ಹುಟ್ಟಿದ 100 ಮಕ್ಕಳಲ್ಲಿ 36 ಮಂದಿ 6 ವರ್ಷದೊಳಗೆ ಸಾಯುವರೆಂದು ಅವನು ಅಂದಾಜಿಸಿದ. ಕಾರಣಗಳು ತಪ್ಪಿರಬಹುದು, ಸಾವುಗಳು ನಿಜವಾಗಿದ್ದವು.

1969ರಲ್ಲಿ ಅಮೆರಿಕದ ಸಿಯಾಟಲ್ ಸಮೀಪ ನಡೆದ ಸಮ್ಮೇಳನವೊಂದರಲ್ಲಿ, ಶವಪರೀಕ್ಷೆಯಿಂದಲೂ ವಿವರಣೆ ದೊರೆಯದ ಶಿಶುಮರಣಗಳಿಗೆ 'ಸಡನ್ ಇನ್‌ಫೆಂಟ್ ಡೆತ್ ಸಿಂಡ್ರೋಮ್' ಎಂಬ ಹೆಸರನ್ನು ಸೂಚಿಸಲಾಯಿತು. ಅನೇಕ ತಾಯಂದಿರ ತಲೆಯ ಮೇಲಿದ್ದ ಅಪವಾದ ಇಳಿಯಿತು. ಮಗುವನ್ನು ಬೋರಲಾಗಿ ಮಲಗಿಸಬಾರದೆಂದು ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 1992ರಲ್ಲಿ ಸಲಹೆ ನೀಡಿತು. 1994ರಲ್ಲಿ ರಾಷ್ಟ್ರೀಯ ಪ್ರಚಾರ ಆರಂಭವಾಯಿತು. ಸುಮಾರು ಒಂದು ದಶಕದಲ್ಲಿ ಈ ಸಾವುಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇದು ವೈದ್ಯಶಾಸ್ತ್ರದ ನಿಜವಾದ ವಿಜಯ. ಆದರೆ 1999ರ ನಂತರ ಆ ಕಾಲಂ ಇಳಿಯುತ್ತಿದ್ದಂತೆ 'ಕಾರಣ ತಿಳಿಯದು', 'ಹಾಸಿಗೆಯಲ್ಲಿ ಉಸಿರುಕಟ್ಟಿ' ಎಂಬ ಬೇರೆ ಎರಡು ಕಾಲಂಗಳು ಏರಿದವು. ಸಾವಿನ ಸ್ಥಳದ ತನಿಖೆ ವಿವರವಾದಂತೆ ಹೆಸರು ಬದಲಾಗಿತ್ತು. ಒಂದೇ ಕಾಲಂ ಓದಿದವರಿಗೆ ಅಪಾಯ ಇನ್ನೂ ಕಡಿಮೆಯಾಗುತ್ತಿದೆ ಎಂಬ ಭ್ರಮೆ ಉಂಟಾಗುತ್ತಿತ್ತು.

ಹೆಸರಿನ ಬದಲಾವಣೆ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಸಾಕ್ಷಿ. 1996ರಲ್ಲಿ ತೀರಿಕೊಂಡ ಆಕೆಯ ಮೊದಲ ಮಗುವಿಗೆ ಶ್ವಾಸಕೋಶದ ಸೋಂಕು ಎಂದು ಬರೆಯಲಾಗಿತ್ತು. 1998ರಲ್ಲಿ ಎರಡನೆಯ ಮಗುವೂ ತೀರಿಕೊಂಡಾಗ, ಪರೀಕ್ಷಿಸಿದ ವೈದ್ಯರೇ ಮೊದಲಿನ ಅಭಿಪ್ರಾಯವನ್ನು ಬದಲಿಸಿದರು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಎರಡನೆಯ ಮಗುವಿನಲ್ಲಿ ಬ್ಯಾಕ್ಟೀರಿಯಾ ಕಂಡಿದ್ದ ಪರೀಕ್ಷಾ ವರದಿ ನ್ಯಾಯಾಲಯದ ಮುಂದೆ ಬಂದಿರಲಿಲ್ಲ. ಅದು ಹೊರಬಿದ್ದ ಮೇಲೆ, 2003ರಲ್ಲಿ ತೀರ್ಪು ರದ್ದಾಯಿತು.

ನಮ್ಮ ತಾಯ್ನಾಡಿನಲ್ಲಿಯೂ 1969ರಲ್ಲೇ ಜನನ ಮರಣ ನೋಂದಣಿ ಕಾಯಿದೆ ಬಂದಿತು. ಆದರೆ ವೈದ್ಯರಿಲ್ಲದೆ ಮನೆಯಲ್ಲೇ ಸಂಭವಿಸಿದ ಸಾವಿಗೆ ಕಾರಣ ಬರೆಯುವವರು ಯಾರು? ಈ ಕೊರತೆಯನ್ನು ತುಂಬಲು ರಿಜಿಸ್ಟ್ರಾರ್ ಜನರಲ್ ಕಚೇರಿ ಕೈಗೊಂಡ ಅಧ್ಯಯನದಲ್ಲಿ, ತರಬೇತಿ ಪಡೆದವರು ಮನೆಗೆ ಹೋಗಿ ರೋಗದ ಲಕ್ಷಣಗಳನ್ನು ಕೇಳಿ ಬರೆದುಕೊಂಡರು. ಇಬ್ಬರು ವೈದ್ಯರು ಪ್ರತ್ಯೇಕವಾಗಿ ಓದಿ ಕಾರಣ ನಿರ್ಧರಿಸಿದರು. ಲಂಡನ್ನಿನ ಆ ವೃದ್ಧೆಯರು ಮಾಡಿದ್ದೂ ವಿಚಾರಣೆಯೇ. ಆದರೆ ಇಲ್ಲಿ ಒಬ್ಬರ ಊಹೆಯನ್ನು ಇನ್ನೊಬ್ಬರ ಅಭಿಪ್ರಾಯದೊಡನೆ ತಾಳೆ ನೋಡುವ ಏರ್ಪಾಡಿತ್ತು.

ತಿಳಿಯದಾಗ ತಿಳಿಯದೆಂದು ಬರೆಯುವುದು ವೈದ್ಯನಿಗೆ ಅವಮಾನವಲ್ಲ. ಅರೆಬರೆ ತಿಳಿದು ಬರೆದ ಪದ ಮುಂದಿನ ಮಗುವಿನ ರಕ್ಷಣೆಗೆ ಅಡ್ಡ ಬರುತ್ತದೆ. ಈಗಾಗಲೇ ಮಗುವನ್ನು ಕಳೆದುಕೊಂಡ ತಾಯಿಯನ್ನು ಮತ್ತೊಮ್ಮೆ ದಂಡಿಸುತ್ತದೆ.