ಗಡಿ ತಂಟೆಯ ನಡುವೆ ನಾಗರಿಕ ಹಕ್ಕು: ಜತ್ತ ಸೀಮೆಯ ಚರಿತ್ರೆ

ಈಗ ಮಹಾರಾಷ್ಟ್ರದಲ್ಲಿರುವ ಜತ್ತ ತಾಲೂಕು ಹಿಂದೆ ಡಫಳೆ ಮನೆತನದ ಸಂಸ್ಥಾನದ ಸೀಮೆ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, ಮುಂದೆ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂದದ್ದು 1960ರಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಜತ್ತ ಮುಂಬಯಿ ರಾಜ್ಯದಲ್ಲೇ ಉಳಿಯಿತು; ಪೂರ್ವ ಭಾಗದ ಉಮದಿ, ಸಂಖ, ತಿಕೋಂಡಿಯಂಥ ಊರುಗಳ ಮನೆಮಾತು ಕನ್ನಡವಾಗಿಯೇ ಮುಂದುವರಿಯಿತು.

ಗೆರೆ ಎಲ್ಲಿ ಎಳೆದರೂ ಅದರಾಚೆ ಒಂದಷ್ಟು ಜನ ಅಲ್ಪಸಂಖ್ಯಾತರಾಗುತ್ತಾರೆ. ಇದನ್ನರಿತೇ 1956ರಲ್ಲಿ ಸಂವಿಧಾನದ 7ನೇ ತಿದ್ದುಪಡಿಯು 350ಎ ಮತ್ತು 350ಬಿ ವಿಧಿಗಳನ್ನು ಸೇರಿಸಿತು. ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರನ್ನು ನೇಮಿಸಬೇಕೆನ್ನುತ್ತದೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರ 1949ರಷ್ಟು ಹಳೆಯದು. ಆದರೆ ಆ ಅಧಿಕಾರಿಯ ಕೈಯಲ್ಲಿರುವುದು ತನಿಖೆ ನಡೆಸಿ ರಾಷ್ಟ್ರಪತಿಗೆ ವರದಿ ಸಲ್ಲಿಸುವ ಅಧಿಕಾರ ಮಾತ್ರ. ರಾಜ್ಯಕ್ಕೆ ಆದೇಶ ನೀಡುವಂತಿಲ್ಲ. ಗಡಿ ಕಾದಾಗಲೆಲ್ಲ ಈ ಕೊರತೆ ಎದ್ದು ಕಾಣುತ್ತದೆ.

ಎರಡು ರಾಜ್ಯಗಳ ಗಡಿ ತಂಟೆ ಬಗೆಹರಿಸಲು 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. ಬೆಳಗಾವಿ ಕರ್ನಾಟಕದಲ್ಲೇ ಉಳಿಯಬೇಕು, ನಿಪ್ಪಾಣಿ, ಖಾನಾಪುರ ಮಹಾರಾಷ್ಟ್ರಕ್ಕೆ ಹೋಗಬೇಕು, ಜತ್ತ, ಅಕ್ಕಲಕೋಟೆ ಭಾಗಗಳು ಕರ್ನಾಟಕಕ್ಕೆ ಬರಬೇಕು ಎಂಬುದು ಅದರ ಶಿಫಾರಸಿನ ತಿರುಳು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.

ಹಕ್ಕುಗಳ ನಿಜವಾದ ಪರೀಕ್ಷೆ ನಡೆದದ್ದು 2022ರ ಕೊನೆಯಲ್ಲಿ. ಜತ್ತದ 40 ಗ್ರಾಮ ಪಂಚಾಯತಿಗಳು ಕುಡಿಯುವ ನೀರಿನ ಬವಣೆಯಿಂದ ಬೇಸತ್ತು ಕರ್ನಾಟಕ ಸೇರುವುದಾಗಿ ಹಿಂದೆ ನಿರ್ಣಯಿಸಿದ್ದನ್ನು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ನವೆಂಬರಿನಲ್ಲಿ ಎತ್ತಿ ಹೇಳಿದರು. ಅದು ಹಳೆಯ ನಿರ್ಣಯವೆಂದು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಉತ್ತರಿಸಿದರು. ಅಷ್ಟರಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕೋಂಡಿಯ ಕೆರೆಗೆ ಹರಿದು ಬಂತು. ಡಿಸೆಂಬರ್ 6ರಂದು ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿಯ ಟೋಲ್ ನಾಕಾದ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಆಚೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿಯಲಾಯಿತು. ಬಸ್ ಸಂಚಾರ ನಿಂತು, ದಿನನಿತ್ಯ ಗಡಿ ದಾಟುವವರೇ ಅತಂತ್ರರಾದರು.

ಕಲ್ಲಿನಷ್ಟು ಸದ್ದು ಮಾಡದಿದ್ದರೂ ಗಂಭೀರವಾದ ಪ್ರಸಂಗ ಅಕ್ಕಲಕೋಟೆಯದು. ಕರ್ನಾಟಕ ಸೇರುವ ಇಚ್ಛೆ ತೋರಿದ ಅಲ್ಲಿನ 11 ಗ್ರಾಮ ಪಂಚಾಯತಿಗಳಿಗೆ, ಪಂಚಾಯತಿಯನ್ನೇಕೆ ವಿಸರ್ಜಿಸಬಾರದೆಂದು ನೋಟಿಸು ಬಂತು. ಹೆಚ್ಚಿನವು ನಿರ್ಣಯ ಹಿಂಪಡೆದವು. ರಸ್ತೆ, ನೀರು ಇಲ್ಲವೆಂದು ಊರಿನ ಜನ ಶಾಂತವಾಗಿ ದನಿ ಎತ್ತುವುದು 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುವ ಮಾತು. ಠರಾವಿನಿಂದ ಗಡಿ ಬದಲಾಗದು. ಸಂವಿಧಾನದ 3ನೇ ವಿಧಿಯಂತೆ ಅದು ಸಂಸತ್ತಿನ ಕೆಲಸ. ಹೀಗಿರುವಾಗ ನೋಟಿಸಿನ ಬೆದರಿಕೆಗೆ ಸಮರ್ಥನೆ ಸಿಗದು.

ಡಿಸೆಂಬರ್ 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಕರೆದ ಸಭೆಯಲ್ಲಿ, ಸುಪ್ರೀಂ ಕೋರ್ಟಿನ ತೀರ್ಪು ಬರುವವರೆಗೆ ಯಾರೂ ಹಕ್ಕು ಸಾಧಿಸಬಾರದೆಂದೂ, ಎರಡೂ ಕಡೆಯ ತಲಾ ಮೂವರು ಸಚಿವರ ಸಮಿತಿ ಆಗಬೇಕೆಂದೂ ತೀರ್ಮಾನವಾಯಿತು. ಎರಡೇ ವಾರದೊಳಗೆ ಎರಡೂ ಶಾಸನಸಭೆಗಳು ತಮ್ಮ ತಮ್ಮ ಪರ ನಿರ್ಣಯ ಅಂಗೀಕರಿಸಿದವು. ನೆಲದ ದಾವೆ ಕೋರ್ಟಿನಲ್ಲಿದೆ, ಸರಿ. ಜತ್ತದ ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರನ್ನೂ, ಬೆಳಗಾವಿಯ ಮರಾಠಿ ಶಾಲೆಗೆ ಮರಾಠಿ ಬಲ್ಲವರನ್ನೂ ಕೊಡಲು ಯಾವ ತೀರ್ಪಿಗೂ ಕಾಯಬೇಕಿಲ್ಲ.